ಡರ್ವೊರ್ಗಿಲ್ಲಾಳ ಪಾಲುಪಟ್ಟಿ

ಸಾಗರದಲ್ಲಿ 31 ವರ್ಷ ಪತ್ರ ಬರಹಗಾರನಾಗಿದ್ದೆ. ಪಾಲುಪಟ್ಟಿ ಮಾಡಿಸಲು ಬಂದವರಿಗೆ ಮೊದಲು ವಂಶವೃಕ್ಷ ಕೇಳುತ್ತಿದ್ದೆ. ಅವರು ತರುತ್ತಿದ್ದ ಚೀಟಿಯಲ್ಲಿ ಗಂಡುಮಕ್ಕಳು ಮಾತ್ರ. ಹೆಣ್ಣುಮಕ್ಕಳು ಎಷ್ಟು ಜನ ಅಂದರೆ, "ಅವ್ರೆಲ್ಲ ಮದ್ವೆಯಾಗಿ ಹೋದ್ರಲ್ಲ ಭಟ್ರೇ" ಅನ್ನುತ್ತಿದ್ದರು. ಅವರ ಸಹಿ ಇಲ್ಲದಿದ್ದರೆ ನಾಳೆ ತಕರಾರು ಬರುತ್ತದೆ ಎಂದಾಗ ಹೆಸರು, ವಯಸ್ಸು, ಗಂಡನ ಊರು ಎಲ್ಲ ಒಂದೊಂದಾಗಿ ನೆನಪಾಗುತ್ತಿದ್ದವು.

ಈಗ ಆ ಕೆಲಸ ಬಿಟ್ಟಾಗಿದೆ. ಬೇಸಿಗೆಯಲ್ಲಿ ಮಗನ ಮನೆ, ಸ್ಕಾಟ್ಲೆಂಡಿನ ಡಂಫ್ರೀಸ್. ಹೋದ ತಿಂಗಳು ಸೊಸೆ ಇಲ್ಲೇ ಹತ್ತಿರದ ಸ್ವೀಟ್‌ಹಾರ್ಟ್ ಆಬಿ ಎಂಬ ಹಾಳುಬಿದ್ದ ಕೆಂಪು ಕಲ್ಲಿನ ಮಠಕ್ಕೆ ಕರೆದುಕೊಂಡು ಹೋದಳು. ಅದನ್ನು 1273ರಲ್ಲಿ ಕಟ್ಟಿಸಿದವಳು ಡರ್ವೊರ್ಗಿಲ್ಲಾ. 1268ರಲ್ಲಿ ಗಂಡ ಜಾನ್ ಬೇಲಿಯಲ್ ಸತ್ತಾಗ ಅವನ ಹೃದಯವನ್ನು ದಂತದ ಕರಡಿಗೆಯಲ್ಲಿಟ್ಟುಕೊಂಡು, ಕೊನೆಗೆ ಅದರ ಜೊತೆಗೇ ಮಣ್ಣಾದವಳು. ಅಲ್ಲಿ ತಲೆಯಿಲ್ಲದ ಕಲ್ಲಿನ ಪ್ರತಿಮೆಯೊಂದಿದೆ, ಎದೆಗೆ ಏನನ್ನೋ ಅವುಚಿಕೊಂಡಿದೆ. ಪ್ರವಾಸಿಗರಿಗೆ ಪ್ರೇಮಕಥೆ ಸಾಕು. ನನಗೆ ಹಳೇ ಚಾಳಿ: ಇಷ್ಟು ದೊಡ್ಡ ಮಠ ಕಟ್ಟಿಸಲು ಇವಳಿಗೆ ಆಸ್ತಿ ಎಲ್ಲಿಂದ ಬಂತು?

ಅಪ್ಪನಿಂದ. ಗ್ಯಾಲೊವೇ ಸೀಮೆಯ ಒಡೆಯ ಅಲನ್ 1234ರಲ್ಲಿ ತೀರಿಕೊಂಡಾಗ ಮೂವರು ಹೆಣ್ಣುಮಕ್ಕಳು: ಹೆಲೆನ್, ಕ್ರಿಸ್ಟಿನಾ, ಡರ್ವೊರ್ಗಿಲ್ಲಾ. ಅಲ್ಲಿನ ಪದ್ಧತಿಯಲ್ಲಿ ಗಂಡುಮಗ ಇದ್ದರೆ ಹಿರಿಯನಿಗೇ ಎಲ್ಲ, ಹೆಣ್ಣುಮಕ್ಕಳೇ ಆದರೆ ಸಮಪಾಲು. ಗಂಡು ಇರಲಿಲ್ಲವೆಂದಲ್ಲ, ಥಾಮಸ್ ಎಂಬವನಿದ್ದ, ಆದರೆ ಮದುವೆಯಾಚೆ ಹುಟ್ಟಿದವನು. ಗ್ಯಾಲೊವೇಯ ಜನ ಅವನೇ ಬೇಕೆಂದು ದಂಗೆ ಎದ್ದರು. ದೊರೆ ಎರಡನೇ ಅಲೆಕ್ಸಾಂಡರ್ ದಂಡು ತಂದು ಅಡಗಿಸಿ, ಸೀಮೆಯನ್ನು ಮೂವರು ಅಳಿಯಂದಿರ ಕೈಗೆ ಹಂಚಿದ. ಥಾಮಸನನ್ನು ಬೇಲಿಯಲ್‌ಗಳ ಬಾರ್ನಾರ್ಡ್ ಕೋಟೆಯಲ್ಲಿ ಕೂಡಿಹಾಕಿದರು. ಅವನು ಹೊರಬಂದದ್ದು 1296ರಲ್ಲಿ, ಹಣ್ಣು ಮುದುಕನಾಗಿ. ಅಣ್ಣನನ್ನು ಬಂದಿಯಾಗಿಟ್ಟ ಮನೆಗೆ ತಂಗಿಯೇ ಯಜಮಾನಿ. ಆ ಹೃದಯದ ಕರಡಿಗೆಯ ಕಥೆಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

ಇಲ್ಲಿಂದ ನನಗೆ ಹುಚ್ಚು ಹಿಡಿಯಿತು. 1093ರಿಂದ 1371ರವರೆಗಿನ ಸ್ಕಾಟ್ಲೆಂಡಿನ ದಾಖಲೆಗಳಲ್ಲಿ ಕಾಣಿಸುವ ಜನರನ್ನೆಲ್ಲ ಪಟ್ಟಿ ಮಾಡಿದ ದತ್ತಾಂಶಕೋಶ ಅಂತರ್ಜಾಲದಲ್ಲಿ ಬಿಟ್ಟಿ ಸಿಗುತ್ತದೆ. ರಾತ್ರಿ ಊಟವಾದ ಮೇಲೆ ಅದರಲ್ಲೇ ಮುಳುಗಿರುತ್ತೇನೆ. ಹೆಣ್ಣಿನ ಹೆಸರು ಹೆಚ್ಚಾಗಿ ಎರಡೇ ಕಡೆ ಎದುರಾಗುತ್ತದೆ: ಮದುವೆಗೆಂದು ಭೂಮಿ ಕೊಟ್ಟಾಗ, ವಿಧವೆಯಾದಾಗ. ದಾನಪತ್ರದ ಲ್ಯಾಟಿನ್‌ನಲ್ಲಿ "ನನ್ನ ಸ್ವತಂತ್ರ ವೈಧವ್ಯದಲ್ಲಿ" ಎಂದೇ ಬರೆಸುತ್ತಿದ್ದರು. 35 ವರ್ಷ ಗಂಡನ ಹೆಸರಿನ ಹಿಂದೆ ಇದ್ದ ಡರ್ವೊರ್ಗಿಲ್ಲಾ ಅವನು ಹೋದ ಮೇಲೆ ತನ್ನದೇ ಮುದ್ರೆ ಒತ್ತುತ್ತಾಳೆ. ಆ ಮುದ್ರೆ ನೋಡಬೇಕು: ಒಂದು ಕೈಯಲ್ಲಿ ಗಂಡನ ಮನೆಯ ಗುರಾಣಿ, ಇನ್ನೊಂದರಲ್ಲಿ ಅಪ್ಪನ ಗ್ಯಾಲೊವೇ ಸಿಂಹ, ಕೆಳಗೆ ಅಮ್ಮನ ಕಡೆಯ ಹಂಟಿಂಗ್‌ಡನ್ ಮತ್ತು ಚೆಸ್ಟರ್. ವಂಶವೃಕ್ಷವನ್ನು ಮೇಣದಲ್ಲೇ ಅಚ್ಚೊತ್ತಿದ್ದಾಳೆ. ಸಾಗರದಲ್ಲಿ ಇಂಥ ಕಕ್ಷಿದಾರರು ಸಿಕ್ಕಿದ್ದರೆ ನನ್ನ ಅರ್ಧ ಆಯುಸ್ಸು ಉಳಿಯುತ್ತಿತ್ತು.

ಇನ್ನು ಹೆಸರುಗಳ ಗೋಳು. ರಾಬರ್ಟ್ ಬ್ರೂಸ್ ಎಂಬವನ ಹೆಂಡತಿ ಇಸಬೆಲ್ಲಾ, ಸ್ಕಾಟ್ಲೆಂಡಿನ ದೊರೆ ವಿಲಿಯಮ್‌ನ ಮಗಳು, ಮದುವೆಯಾಚೆ ಹುಟ್ಟಿದವಳು. ಆ ಬ್ರೂಸ್‌ನ ತಮ್ಮನ ಮಗನೂ ರಾಬರ್ಟ್ ಬ್ರೂಸ್, ಅವನ ಹೆಂಡತಿಯೂ ಇಸಬೆಲ್ಲಾ. ಇವಳು ವಿಲಿಯಮ್‌ನ ತಮ್ಮ ಡೇವಿಡ್‌ನ ಮಗಳು. ಒಂದು ವಾರ ಇಬ್ಬರನ್ನೂ ಒಬ್ಬಳೇ ಎಂದುಕೊಂಡು ಹಾಳೆ ಕೆಡಿಸಿದೆ. ಇಂಗ್ಲಿಷಿನವರು ಕಸಿನ್ ಎಂದು ಕೈತೊಳೆದುಕೊಳ್ಳುತ್ತಾರೆ. ನಮ್ಮ ಲೆಕ್ಕದಲ್ಲಿ ಆ ಮೊದಲನೆಯವಳು ಎರಡನೆಯವಳಿಗೆ ದೊಡ್ಡಪ್ಪನ ಮಗಳು, ಅಂದರೆ ಅಕ್ಕ. ಗಂಡನ ಕಡೆಯಿಂದ ಅತ್ತೆ.

ಇದಕ್ಕಿಂತ ತಮಾಷೆ ಹೆಲೆನ್‌ಳ ಮನೆಯದು. ಅವಳ ಗಂಡ ರಾಜರ್ ಡಿ ಕ್ವಿನ್ಸಿಗೂ ಮೂರು ಹೆಣ್ಣೇ. ಮಗಳು ಮಾರ್ಗರೆಟ್‌ಳನ್ನು ಡಾರ್ಬಿಯ ಅರ್ಲ್ ವಿಲಿಯಮ್ ಫೆರರ್ಸ್‌ಗೆ ಎರಡನೇ ಸಂಬಂಧಕ್ಕೆ ಕೊಟ್ಟ. ಆಮೇಲೆ, 1252ರಲ್ಲಿ, ತಾನೇ ಮೂರನೇ ಮದುವೆಯಾದ. ಹುಡುಗಿ ಎಲಿನಾರ್, ಅದೇ ಅಳಿಯನ ಮೊದಲ ಹೆಂಡತಿಯ ಮಗಳು! ಮಾರ್ಗರೆಟ್ ಎಲಿನಾರ್‌ಗೆ ಮಲತಾಯಿ, ಎಲಿನಾರ್ ಮಾರ್ಗರೆಟ್‌ಗೆ ಮಲತಾಯಿ. ಇದನ್ನು ಸೊಸೆಗೆ ವಿವರಿಸುವಷ್ಟರಲ್ಲಿ ಒಲೆಯ ಮೇಲಿಟ್ಟ ಹಾಲು ಉಕ್ಕಿಹೋಯಿತು.

ನನ್ನನ್ನು ನಿಜವಾಗಿ ತಡೆದು ನಿಲ್ಲಿಸಿದ್ದು ಒಂದು ತಾರೀಖು. ದೊರೆ ಮೂರನೇ ಅಲೆಕ್ಸಾಂಡರ್ 1286ರಲ್ಲಿ ಕುದುರೆಯಿಂದ ಬಿದ್ದು ಸತ್ತ. ಉಳಿದವಳು ನಾರ್ವೆಯಲ್ಲಿದ್ದ ಮಗಳ ಮಗಳು, ಪುಟ್ಟ ಮಾರ್ಗರೆಟ್. ಅವಳೂ 1290ರ ಸೆಪ್ಟೆಂಬರ್‌ನಲ್ಲಿ ಆರ್ಕ್ನಿ ದ್ವೀಪದಲ್ಲಿ ತೀರಿಕೊಂಡಳು. ಆಗ ಸಿಂಹಾಸನಕ್ಕೆ 13 ಅರ್ಜಿ. ಬಹುಪಾಲು ಅರ್ಜಿದಾರರು ಹಿಡಿದುಬಂದದ್ದು ಅಜ್ಜಿ ಮುತ್ತಜ್ಜಿಯರ ಹೆಸರನ್ನು. ಅದುವರೆಗೆ ಯಾರಿಗೂ ಬೇಡವಾಗಿದ್ದವರು! ಗಟ್ಟಿಯಾಗಿ ನಿಂತದ್ದು ಅದೇ ಡೇವಿಡ್‌ನ ಮೂವರು ಹೆಣ್ಣುಮಕ್ಕಳ ಕವಲು. ಹಿರಿಯಳು ಮಾರ್ಗರೆಟ್, ಅಲನ್‌ನ ಹೆಂಡತಿ. ಅವಳ ಮಗಳು ಡರ್ವೊರ್ಗಿಲ್ಲಾ, ಡರ್ವೊರ್ಗಿಲ್ಲಾಳ ಮಗ ಜಾನ್ ಬೇಲಿಯಲ್, ಅಪ್ಪನದೇ ಹೆಸರು. ಎರಡನೆಯವಳು ಇಸಬೆಲ್ಲಾ, ಅವಳ ಮಗ ಇನ್ನೊಬ್ಬ ರಾಬರ್ಟ್ ಬ್ರೂಸ್. ಮೂರನೆಯವಳು ಏಡಾ, ಅವಳ ವಂಶದ ಜಾನ್ ಹೇಸ್ಟಿಂಗ್ಸ್ ರಾಜ್ಯವನ್ನೂ ಜಮೀನಿನ ಹಾಗೆ ಮೂರು ಪಾಲು ಮಾಡಿ ಎಂದ. (ಹೆಲೆನ್ ಹಿರಿಯಳಲ್ಲವೇ ಎಂದರೆ, ಅವಳು ಅಲನ್‌ನ ಬೇರೆ ಹೆಂಡತಿಯ ಮಗಳು. ಗ್ಯಾಲೊವೇ ಪಾಲು ಉಂಟು, ಸಿಂಹಾಸನ ಇಲ್ಲ. ತಾಯಿ ಯಾರೆಂದು ಬರೆಯದ ವಂಶವೃಕ್ಷ ಇಂಥಲ್ಲೇ ದಾರಿ ತಪ್ಪಿಸುವುದು.)

ಬ್ರೂಸ್‌ನ ವಾದ ಇಷ್ಟು: ನಾನು ಡೇವಿಡ್‌ನ ಮೊಮ್ಮಗ, ಬೇಲಿಯಲ್ ಮರಿಮಗ, ನಾನೇ ಹತ್ತಿರದವನು. ಬೇಲಿಯಲ್‌ನದು: ನಾನು ಹಿರಿಯಳ ಕವಲು. ಇಂಗ್ಲೆಂಡಿನ ದೊರೆ ಎಡ್ವರ್ಡ್ 104 ಜನರನ್ನು ಕೂರಿಸಿ, 1292ರ ನವೆಂಬರ್ 17ರಂದು ಬೆರಿಕ್ ಕೋಟೆಯಲ್ಲಿ ಬೇಲಿಯಲ್ ಪರ ತೀರ್ಪು ಕೊಟ್ಟ.

ಡರ್ವೊರ್ಗಿಲ್ಲಾ ತೀರಿಕೊಂಡದ್ದು 1290ರ ಜನವರಿ 28. ನಾರ್ವೆಯ ಮಗುವಿಗಿಂತ ಎಂಟು ತಿಂಗಳು ಮೊದಲು. ಅವಳು ಬದುಕಿದ್ದಿದ್ದರೆ ಹಕ್ಕು ಅವಳದೇ ಆಗುತ್ತಿತ್ತು. ಅವಳೂ ಡೇವಿಡ್‌ನ ಮೊಮ್ಮಗಳು, ಬ್ರೂಸ್‌ನಷ್ಟೇ ಹತ್ತಿರ, ಮೇಲಾಗಿ ಹಿರಿಯಳ ಮಗಳು. ಹತ್ತಿರದವನು ಎಂಬ ಮಾತನ್ನು ಬ್ರೂಸ್ ಎತ್ತುವ ಹಾಗೇ ಇರಲಿಲ್ಲ. ಗಂಡಸೆಂಬ ಒಂದೇ ಅಸ್ತ್ರ ಅವನಿಗೆ ಉಳಿಯುತ್ತಿತ್ತು, ಅದೂ ಹೆಣ್ಣುಮಗುವೊಂದನ್ನು ರಾಣಿಯೆಂದು ಒಪ್ಪಿಕೊಂಡ ನಾಡಿನಲ್ಲಿ.

ನಿನ್ನೆ ಎಲ್ಲವನ್ನೂ ನಮ್ಮ ಕಚೇರಿಯ ನಮೂನೆಯಲ್ಲೇ ಉದ್ದನೆ ಹಾಳೆಗೆ ಇಳಿಸಿದೆ: ಹೆಸರು, ಸಂಬಂಧ, ವಯಸ್ಸು, ಷರಾ. ಡರ್ವೊರ್ಗಿಲ್ಲಾಳ ಮುಂದೆ "ಮೃತ, 28-1-1290" ಎಂದು ಕೆಂಪು ಶಾಯಿಯಲ್ಲಿ ಬರೆದೆ. ಮಗ ಬಗ್ಗಿ ನೋಡಿ, "ಥಾಮಸನ ಹೆಸರು ಎಲ್ಲಪ್ಪಾ?" ಅಂದ. ಬಿಟ್ಟುಹೋಗಿತ್ತು. ಪಕ್ಕದ ಖಾಲಿ ಜಾಗದಲ್ಲಿ ಅಡ್ಡಡ್ಡಲಾಗಿ ಸೇರಿಸಿದೆ.