ಸುವಾದಿಂದ ಲೆವುಕಾಗೆ, ಮಕ್ಕಳನ್ನು ಕಟ್ಟಿಕೊಂಡು

ಫಿಜಿಯ ಭೂಪಟ ಹರವಿದರೆ ವಿಟಿ ಲೆವು ದ್ವೀಪದ ಪೂರ್ವಕ್ಕೆ ಒವಲಾವು ಎಂಬ ಪುಟ್ಟ ದ್ವೀಪ ಕಾಣುತ್ತದೆ. ಅದರ ಆಚೆ ಮಗ್ಗುಲಿನಲ್ಲಿ ಲೆವುಕಾ ಪಟ್ಟಣವಿದೆ. ರಾಜಧಾನಿ ಸುವಾದಿಂದ ಕೈಚಾಚಿದರೆ ಸಿಗುವಷ್ಟು ಹತ್ತಿರ ಎನಿಸಿದರೂ ಬಸ್ಸು, ಹಡಗು, ಮತ್ತೆ ಬಸ್ಸು ಹಿಡಿದು ತಲುಪುವ ಹೊತ್ತಿಗೆ ನಾಲ್ಕೈದು ಗಂಟೆ ಕಳೆದಿರುತ್ತದೆ. ಸುವಾದಲ್ಲಿ ನೆಲೆಸಿದ ಮನೆಗಳಲ್ಲಿ ಇಂಥ ವಾರಾಂತ್ಯವನ್ನು ನಿರ್ಧರಿಸುವುದು ಹಡಗು. ಏನು ಅಡುಗೆ, ಯಾವ ಚೀಲ, ಮಕ್ಕಳನ್ನು ಎಷ್ಟು ಹೊತ್ತಿಗೆ ಎಬ್ಬಿಸಬೇಕು ಎಂಬುದೆಲ್ಲ ಅದರ ಸಮಯದ ಹಿಂದೆಯೇ ಬರುತ್ತದೆ. ಅಕ್ಟೋಬರ್ 10ರ ಫಿಜಿ ದಿನಕ್ಕೆ ಅಂಟಿಕೊಂಡು ಬರುವ ಉದ್ದ ರಜೆಯಲ್ಲಂತೂ ಟಿಕೆಟ್ಟನ್ನು ಮೊದಲೇ ಕೊಂಡಿಟ್ಟುಕೊಳ್ಳುವುದು ಲೇಸು. ಕೊಳ್ಳುವಾಗ ಕೈಗೂಸೂ ಸೇರಿ ಎಲ್ಲರ ಹೆಸರು ಬರೆಸಬೇಕು. ವೇಳಾಪಟ್ಟಿ ಆಗಾಗ ಬದಲಾಗುವುದರಿಂದ ಹಿಂದಿನ ದಿನ ಫೋನು ಮಾಡಿ ಖಚಿತಪಡಿಸಿಕೊಳ್ಳುವುದು ಇಲ್ಲಿಯವರ ರೂಢಿ.

ಪ್ರಯಾಣ ಶುರುವಾಗುವುದು ಸುವಾದ ಮಾರುಕಟ್ಟೆಯಲ್ಲಿ. ನೆಲಮಹಡಿಯಲ್ಲಿ ಸೊಪ್ಪು, ಗೆಡ್ಡೆ, ಹಣ್ಣು. ಮೇಲಿನ ಮಹಡಿಯಲ್ಲಿ ಯಂಗೋನಾ ಬೇರು (ಕಾವಾ ಎಂಬ ಪಾನೀಯ ಮಾಡುವ ಬೇರು), ಬೇಳೆ, ಮಸಾಲೆ. ತರಕಾರಿ ಬಹುಪಾಲು ಗುಡ್ಡೆ ಲೆಕ್ಕದಲ್ಲಿ ಮಾರಾಟ. ಬದನೆ, ಬೆಂಡೆ, ನುಗ್ಗೆ, ಕರಿಬೇವು, ದಂಟಿನ ಸೊಪ್ಪು ಎಲ್ಲ ಸಿಗುತ್ತವೆ. ಇಲ್ಲಿ ತವಿಯೋಕಾ ಎನ್ನುವ ಮರಗೆಣಸನ್ನು ಕೊಳ್ಳುವಾಗ ತುದಿ ಮುರಿಸಿ ನೋಡಬೇಕು. ಒಳಗೆ ಹಾಲುಬಿಳುಪಿದ್ದರೆ ಅಂದೋ ಹಿಂದಿನ ದಿನವೋ ಕಿತ್ತದ್ದು. ನೀಲಿ-ಕಪ್ಪು ಗೆರೆ ಓಡಿದ್ದರೆ ಹಳತು, ಬೇಯಿಸಿದರೂ ಕಹಿ. ಕಿತ್ತ ಎರಡು ಮೂರು ದಿನಕ್ಕೆ ಕೆಡುವ ಗೆಡ್ಡೆಯಿದು. ತಕ್ಷಣ ಬೇಯಿಸಲು ಆಗದಿದ್ದರೆ ಸಿಪ್ಪೆ ಸುಲಿದು ತುಂಡು ಮಾಡಿ ಫ್ರೀಜರಿಗೆ ಹಾಕಬೇಕು. ಹಸಿ ಗೆಡ್ಡೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿರುವುದರಿಂದ ಮಕ್ಕಳು ಹಸಿಯಾಗಿ ಕಡಿಯದಂತೆ ನೋಡಿಕೊಳ್ಳಬೇಕು. ಸಿಪ್ಪೆ ತೆಗೆದು, ನಡುವಿನ ನಾರು ಎಳೆದು ಹಾಕಿ, ಧಾರಾಳ ನೀರಿನಲ್ಲಿ ಮುಚ್ಚಳವಿಲ್ಲದೆ ಬೇಯಿಸಿ ಆ ನೀರನ್ನು ಚೆಲ್ಲಬೇಕು.

ಬುತ್ತಿಗೆ ತೆಂಗಿನ ಹಾಲಿನ ಅಡುಗೆ ಬೇಡವೇ ಬೇಡ. ಸುವಾದ ಸೆಕೆಯಲ್ಲಿ ಕಟ್ಟಿಟ್ಟ ತೆಂಗಿನ ಹಾಲು ಮಧ್ಯಾಹ್ನದೊಳಗೆ ಹುಳಿಯುತ್ತದೆ. ಫಿಜಿಯ ಭಾರತೀಯರು ಕಟ್ಟುವುದು ರೊಟ್ಟಿ ಪಾರ್ಸೆಲ್, ಅಂದರೆ ತೆಳ್ಳಗೆ ಒತ್ತಿದ ರೊಟ್ಟಿಯೊಳಗೆ ನೀರಾರಿಸಿದ ಆಲೂ ಪಲ್ಯವನ್ನಿಟ್ಟು ಸುತ್ತಿದ್ದು. ಕನ್ನಡದ ಮನೆಗೆ ಪುಳಿಯೋಗರೆ ಇನ್ನೂ ಸಲೀಸು. ಹುಣಸೆ ಮತ್ತು ಎಣ್ಣೆ ಅದನ್ನು ಸಂಜೆಯವರೆಗೂ ಕಾಪಾಡುತ್ತವೆ, ತಣ್ಣಗಾದರೂ ರುಚಿ ಕೆಡುವುದಿಲ್ಲ. ಅನ್ನವನ್ನು ಮೊದಲು ಅಗಲ ತಟ್ಟೆಯಲ್ಲಿ ಹರಡಿ ಪೂರ್ತಿ ಆರಿಸಿ ಆಮೇಲೆ ಕಲಸಬೇಕು. ಬಿಸಿಯಲ್ಲೇ ಡಬ್ಬಿಗೆ ತುಂಬಿದರೆ ಒಳಗೆ ಬೆವರಿ ಹಳಸುತ್ತದೆ. ತಲೆಗೆ ಒಂದೂವರೆ ಲೀಟರ್ ನೀರು, ಒಂದು ಪೊಟ್ಟಣ ಒಣ ಬಿಸ್ಕತ್ತು, ಮತ್ತು ಸಾಕಷ್ಟು ನಗದು. ಲೆವುಕಾ ಸಣ್ಣ ಊರು. ಕಾರ್ಡೊಂದನ್ನೇ ನೆಚ್ಚಿ ಹೋಗುವಂತಿಲ್ಲ.

ಸುವಾದಿಂದ ಹೊರಟ ಬಸ್ಸು ಕಿಂಗ್ಸ್ ರೋಡಿನಲ್ಲಿ ನೌಸೋರಿಯ ಬಳಿ ರೇವಾ ನದಿಯ ಸೇತುವೆ ದಾಟುತ್ತದೆ. ದೇಶದ ಅತಿ ಉದ್ದದ ನದಿ ಅದು. ನೌಸೋರಿಯ ಸಕ್ಕರೆ ಕಾರ್ಖಾನೆ 1959ರಲ್ಲಿ ಮುಚ್ಚಿತು. ಈ ಬದಿಯಲ್ಲಿ ಕಬ್ಬಿಗಿಂತ ಮಳೆ ಹೆಚ್ಚು. ಆಗ್ನೇಯದಿಂದ ಬೀಸುವ ಮಾರುತ ಮೊದಲು ತಾಕುವುದು ಪೂರ್ವ ದಂಡೆಯನ್ನು. ಹಾಗಾಗಿ ಸುವಾದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ, ಬೆಟ್ಟದ ಆಚೆಯ ನಾಂದಿಯಲ್ಲಿ ಅದಕ್ಕಿಂತ ಬಹಳ ಕಡಿಮೆ. ಘಟ್ಟದ ಮೇಲಿನ ಆಗುಂಬೆಯನ್ನೂ ಬಯಲುಸೀಮೆಯನ್ನೂ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಳೆಯ ಬಸ್ಸುಗಳ ಕಿಟಕಿಗೆ ಗಾಜಿಲ್ಲ. ಮಳೆ ಬಂದಾಗ ಟಾರ್ಪಾಲಿನ ಪರದೆ ಇಳಿಬಿಡುತ್ತಾರೆ, ಆಗ ಒಳಗೆ ಬೇಯುವಂಥ ಸೆಕೆ. ವಾಂತಿ ಮಾಡುವ ಮಕ್ಕಳನ್ನು ಮುಂದಿನ ಸಾಲಿನಲ್ಲೇ ಕೂರಿಸಬೇಕು.

ಕೊರೊವೌ ಪಟ್ಟಣದ ಬಳಿ ಹೆದ್ದಾರಿ ಬಿಟ್ಟು ಸಮುದ್ರದ ಕಡೆ ತಿರುಗಿದರೆ ನಾತೋವಿ ಹಡಗುಕಟ್ಟೆ. ಕಾಯುವುದಕ್ಕೆ ನೆರಳು ಕಡಿಮೆ. ಕೊಡೆ ಮಳೆಗೂ ಬಿಸಿಲಿಗೂ ಬೇಕು. ಲಗೇಜು ಎಲ್ಲೇ ಇರಲಿ, ಔಷಧಿ ಮತ್ತು ಒಂದು ಜೊತೆ ಒಣ ಬಟ್ಟೆಯ ಚೀಲ ಕೈಯಲ್ಲೇ ಇರಬೇಕು. ಹಡಗು ಹತ್ತಿದ ಮೇಲೆ ಮೊದಲು ಮಾಡಬೇಕಾದ್ದು ಜೀವರಕ್ಷಕ ಅಂಗಿಗಳು ಎಲ್ಲಿವೆ, ಮಕ್ಕಳ ಅಳತೆಯವು ಯಾವ ಪೆಟ್ಟಿಗೆಯಲ್ಲಿವೆ ಎಂದು ನೋಡಿಕೊಳ್ಳುವುದು. ಸಿಬ್ಬಂದಿಯನ್ನು ಕೇಳಿದರೆ ತೋರಿಸುತ್ತಾರೆ. ಕೇಳುವುದಕ್ಕೆ ಸಂಕೋಚ ಬೇಡ.

ದಾಟುವ ಹಾದಿ ಸುಮಾರು ಒಂದು ಗಂಟೆಯದು. ಗಾಳಿ ಜೋರಿದ್ದ ದಿನ ಆ ಒಂದು ಗಂಟೆಯೇ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾರುತ ಬಿರುಸು, ನವೆಂಬರ್‌ನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ. ಹೊರಡುವ ಮುನ್ನ ಹವಾಮಾನ ಇಲಾಖೆಯ ಮುನ್ಸೂಚನೆಯಲ್ಲಿ ಬಿರುಗಾಳಿಯ ಎಚ್ಚರಿಕೆ ಇದೆಯೇ ನೋಡಬೇಕು. ಇದ್ದರೆ ಪ್ರಯಾಣ ಬಿಡಬೇಕು. 2016ರ ಫೆಬ್ರುವರಿ 20ರಂದು ಅಪ್ಪಳಿಸಿದ ವಿನ್‌ಸ್ಟನ್ ಚಂಡಮಾರುತ 44 ಜೀವ ತೆಗೆದುಕೊಂಡಿತು. ಅದನ್ನು ಕಂಡ ಇಲ್ಲಿನ ಜನ ಎಚ್ಚರಿಕೆಯನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ತಲೆಸುತ್ತು ಬರುವುದು ಕಣ್ಣು ಹೇಳುವುದಕ್ಕೂ ಕಿವಿಯೊಳಗಿನ ಸಮತೋಲನದ ಅಂಗ ಹೇಳುವುದಕ್ಕೂ ಹೊಂದಿಕೆಯಾಗದಿದ್ದಾಗ. ಮಗು ಮೊಬೈಲು ನೋಡುತ್ತ ಕೂತರೆ ಕಣ್ಣಿಗೆ ಎಲ್ಲ ನಿಶ್ಚಲ, ಕಿವಿಗೆ ಎಲ್ಲ ಓಲಾಟ. ಹತ್ತು ನಿಮಿಷಕ್ಕೆ ವಾಂತಿ. ಹಡಗಿನ ಉದ್ದದ ನಡುಮಧ್ಯದಲ್ಲಿ, ಸಾಧ್ಯವಾದಷ್ಟು ಕೆಳಗೆ, ಗಾಳಿಯಾಡುವ ಕಡೆ ಕೂರಿಸಿ ದೂರದ ಬೆಟ್ಟ ತೋರಿಸುತ್ತಿರಬೇಕು. ಮೂತಿ ಮತ್ತು ಬಾಲದ ಕಡೆ ಏರಿಳಿತ ಹೆಚ್ಚು, ಬಾಲದ ಕಡೆ ಡೀಸೆಲ್ ಹೊಗೆ ಬೇರೆ. ಮಾತ್ರೆ ಕೊಡುವುದಿದ್ದರೆ ಹಡಗು ಬಿಡುವ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲೇ ಕೊಡಬೇಕು, ವಾಂತಿ ಶುರುವಾದ ಮೇಲೆ ಅದು ಒಳಗೆ ನಿಲ್ಲುವುದಿಲ್ಲ. ಪ್ರಮಾಣವನ್ನು ಮಗುವಿನ ವಯಸ್ಸು, ತೂಕ ಹೇಳಿ ಔಷಧಿ ಅಂಗಡಿಯಲ್ಲೇ ಕೇಳಿಕೊಳ್ಳಬೇಕು. ಖಾಲಿ ಹೊಟ್ಟೆಯೂ ಕೆಟ್ಟದ್ದು, ತುಂಬಿದ ಹೊಟ್ಟೆಯೂ ಕೆಟ್ಟದ್ದು. ಒಣ ಬಿಸ್ಕತ್ತು ಇರುವುದು ಇದಕ್ಕೇ. ಪುಳಿಯೋಗರೆ ಡಬ್ಬಿ ತೆರೆಯುವುದು ದಡ ಸೇರಿದ ಮೇಲೆ.

ಬುರೆಸಾಲಾದಲ್ಲಿ ಇಳಿದು ದ್ವೀಪ ಸುತ್ತುವ ರಸ್ತೆಯಲ್ಲಿ ಮತ್ತೊಂದು ಗಂಟೆಯ ಕುಲುಕಾಟ. ಆಮೇಲೆ ಲೆವುಕಾ: ಒಂದು ಬದಿ ಸಮುದ್ರ, ಇನ್ನೊಂದು ಬದಿ ನೆಟ್ಟಗೆ ಎದ್ದ ಬೆಟ್ಟ, ನಡುವೆ ಬೀಚ್ ಸ್ಟ್ರೀಟ್ ಎಂಬ ಒಂದೇ ದೊಡ್ಡ ಬೀದಿ, ಸಾಲಾಗಿ ಮರದ ಅಂಗಡಿಗಳು. ಇದು ಫಿಜಿಯ ಹಳೆಯ ರಾಜಧಾನಿ. 1874ರ ಅಕ್ಟೋಬರ್ 10ರಂದು ಥಾಕೊಂಬೌ ಮತ್ತು ಇತರ ನಾಯಕರು ದೇಶವನ್ನು ಬ್ರಿಟನ್ನಿಗೆ ಒಪ್ಪಿಸಿದ್ದು ಪಕ್ಕದ ನಸೋವಾದಲ್ಲಿ. ಬೆಟ್ಟ ಊರನ್ನು ಬೆಳೆಯಗೊಡದ ಕಾರಣ 1882ರಲ್ಲಿ ರಾಜಧಾನಿ ಸುವಾಕ್ಕೆ ಹೋಯಿತು. ಹೋದದ್ದರಿಂದಲೇ ಹಳೆಯ ಬೀದಿ ಉಳಿಯಿತು, 2013ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಮಿಷನ್ ಹಿಲ್‌ನ 199 ಮೆಟ್ಟಿಲು ಹತ್ತುವುದಾದರೆ ಇಳಿಹೊತ್ತಿನಲ್ಲಿ ಹತ್ತಬೇಕು. ಊರು ಪೂರ್ವಕ್ಕೆ ಮುಖ ಮಾಡಿದೆ. ಬೆಳಗಿನ ಬಿಸಿಲು ನೇರ ಮುಖಕ್ಕೆ ರಾಚುತ್ತದೆ, ಮಧ್ಯಾಹ್ನ ಕಳೆದರೆ ಬೆಟ್ಟದ ನೆರಳು ಬೀಳುತ್ತದೆ. ಮಳೆ ಬಂದು ನಿಂತಾಗ ಪಾಚಿ ಹಿಡಿದ ಕಲ್ಲು ಜಾರುತ್ತದೆ, ರಬ್ಬರಿನ ಚಪ್ಪಲಿ ಸಲ್ಲದು.

ಈ ಊರಿಗೆ ಬಂದ ಭಾರತೀಯ ಮಕ್ಕಳಿಗೆ ತಪ್ಪದೆ ಹೇಳಬೇಕಾದ ಇನ್ನೊಂದು ಸಂಗತಿಯಿದೆ. ಕಲ್ಕತ್ತೆಯಿಂದ ಕರಾರು ಕೂಲಿಗಳನ್ನು ಹೊತ್ತ ಮೊದಲ ಹಡಗು ಲಿಯೊನಿಡಸ್ 1879ರ ಮೇ 14ರಂದು ಬಂದು ತಲುಪಿದ್ದು ಲೆವುಕಾವನ್ನೇ. ಹಡಗಿನಲ್ಲಿ ಕಾಲರಾ, ಸಿಡುಬು ಕಾಣಿಸಿಕೊಂಡಿದ್ದರಿಂದ ಅವರನ್ನು ಪಟ್ಟಣಕ್ಕೆ ಬಿಡದೆ ಪಕ್ಕದ ಯನುಥಾ ಲೈಲೈ ಎಂಬ ಪುಟ್ಟ ದ್ವೀಪದಲ್ಲಿ ವಾರಗಟ್ಟಲೆ ಪ್ರತ್ಯೇಕವಾಗಿ ಇರಿಸಿದರು. ಬದುಕಿ ನೆಲ ಮುಟ್ಟಿದವರು 463 ಮಂದಿ. 1916ರ ಹೊತ್ತಿಗೆ ಹೀಗೆ ಬಂದವರ ಸಂಖ್ಯೆ 60,000 ದಾಟಿತು. 1903ರಿಂದ ಮದರಾಸಿನ ಬಂದರಿನಿಂದಲೂ ಹಡಗುಗಳು ಹೊರಟವು. ಇವತ್ತು ಸುವಾದ ಅಂಗಡಿಯಲ್ಲಿ ಉದ್ದಿನಬೇಳೆ, ಕರಿಬೇವು ಕೈಗೆ ಸಿಗುವುದು, ನಾಂದಿಯಲ್ಲಿ ಸುಬ್ರಹ್ಮಣ್ಯನ ಗುಡಿಯ ಗೋಪುರ ನಿಂತಿರುವುದು ಆ ಜನರಿಂದ. ಅವರು ಅನುಭವಿಸಿದ್ದರ ಮುಂದೆ ನಮ್ಮ ಒಂದು ಗಂಟೆಯ ಓಲಾಟ ಏನೇನೂ ಅಲ್ಲ, ಅದನ್ನು ಮಕ್ಕಳು ತಿಳಿಯಲೇಬೇಕು.

ದ್ವೀಪದ ಹಳ್ಳಿಗೆ, ಉದಾಹರಣೆಗೆ ಹಳೆಯ ಜ್ವಾಲಾಮುಖಿಯ ಬಾಯಿಯೊಳಗೆ ಕೂತಿರುವ ಲೊವೊನಿಗೆ, ಹೋಗುವುದಿದ್ದರೆ ಬರಿಗೈಯಲ್ಲಿ ಹೋಗಬಾರದು. ಸುವಾ ಮಾರುಕಟ್ಟೆಯ ಮೇಲ್ಮಹಡಿಯಲ್ಲಿ ಅರ್ಧ ಕಿಲೊ ಯಂಗೋನಾ ಕೊಂಡಿರಬೇಕು. ಪುಡಿಯಲ್ಲ, ವಾಕಾ ಎನ್ನುವ ಇಡೀ ಬೇರು, ಕಾಗದದಲ್ಲಿ ಸುತ್ತಿ ದಾರ ಕಟ್ಟಿಸಿದ್ದು. ಮೊದಲು ಊರಿನ ಮುಖಂಡನಾದ ತುರಂಗಾ ನಿ ಕೋರೋನನ್ನು ಕಾಣಬೇಕು. ಟೋಪಿ, ತಂಪು ಕನ್ನಡಕ ಊರ ಬಾಗಿಲಲ್ಲೇ ತೆಗೆಯಬೇಕು. ಭುಜ, ಮೊಣಕಾಲು ಮುಚ್ಚಿರಬೇಕು. ಪಂಚೆಯಂತೆ ಸುತ್ತುವ ಸುಲು ಗಂಡಸರಿಗೂ ಹೆಂಗಸರಿಗೂ ಸಲ್ಲುತ್ತದೆ. ಚಪ್ಪಲಿ ಹೊರಗೆ ಬಿಟ್ಟು, ಚಾಪೆಯ ಮೇಲೆ ಕಾಲು ಮಡಚಿ ಕೂತು, ಬೇರಿನ ಕಟ್ಟನ್ನು ಎದುರಿಗಿಡಬೇಕು. ಇದು ಸೇವುಸೇವು. ಅವರು ಅದನ್ನು ಸ್ವೀಕರಿಸಿ ಮಂತ್ರದಂತೆ ನಾಲ್ಕು ಮಾತು ಹೇಳಿದ ಮೇಲೆ ನೀವು ಆ ಊರಿನ ಅತಿಥಿಗಳು. ತನೋವಾ ಎಂಬ ಮರದ ಬೋಗುಣಿಯಲ್ಲಿ ಕಲಸಿದ ಯಂಗೋನಾವನ್ನು ತೆಂಗಿನ ಚಿಪ್ಪಿನಲ್ಲಿ ಕೊಟ್ಟಾಗ ಒಂದು ಬಾರಿ ಚಪ್ಪಾಳೆ ತಟ್ಟಿ ಪಡೆದು, ಒಂದೇ ಗುಟುಕಿಗೆ ಕುಡಿದು, ಮೂರು ಬಾರಿ ತಟ್ಟಬೇಕು. ತುಟಿ, ನಾಲಗೆ ಸ್ವಲ್ಪ ಮರಗಟ್ಟುವುದು ಸಹಜ. ಗರ್ಭಿಣಿಯರು, ದಿನನಿತ್ಯ ಮಾತ್ರೆ ನುಂಗುವವರು ವಿನಯದಿಂದ ಬೇಡವೆಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಕೂತವರ ಮುಂದೆ ಹಾದುಹೋಗುವಾಗ ತಲೆ ಬಗ್ಗಿಸಿ 'ತುಲೋ', ಅಂದರೆ ಕ್ಷಮಿಸಿ, ಎನ್ನುವುದನ್ನು ಮಕ್ಕಳಿಗೆ ಮೊದಲೇ ಕಲಿಸಿಡಬೇಕು. ಯಾರ ತಲೆಯನ್ನೂ ಮುಟ್ಟಬಾರದು.

ಊಟಕ್ಕೆ ದಾಲೋ, ಅಂದರೆ ಕೆಸುವಿನ ಗೆಡ್ಡೆ, ಜೊತೆಗೆ ರೋರೋ, ಅದೇ ಕೆಸುವಿನ ಎಲೆ. ಪತ್ರೊಡೆ ತಿಂದು ಬೆಳೆದ ಮಲೆನಾಡು, ಕರಾವಳಿಯವರಿಗೆ ಇದು ಬಲು ಹತ್ತಿರದ ರುಚಿ. ಎಲೆಯಲ್ಲಿರುವ ಸೂಜಿಯಂಥ ಆಕ್ಸಲೇಟ್ ಹರಳುಗಳಿಂದ ಗಂಟಲು ಕೆರೆಯುವ ಅಪಾಯ ಎರಡೂ ಕಡೆ ಒಂದೇ. ನಮ್ಮಲ್ಲಿ ಹುಣಸೆಹುಳಿ ಹಾಕಿ ಹಬೆಯಲ್ಲಿ ದೀರ್ಘ ಕಾಲ ಬೇಯಿಸುತ್ತಾರೆ. ಇಲ್ಲಿ ಎಳೆಯ ಎಲೆಯ ದಂಟು, ದಪ್ಪ ನರ ಕಿತ್ತು, ಎಲೆ ಪೂರ್ತಿ ಕರಗುವವರೆಗೆ ಬೇಯಿಸಿ ಕೊನೆಯಲ್ಲಿ ಲೋಲೋ ಎನ್ನುವ ತೆಂಗಿನ ಹಾಲು ಸೇರಿಸುತ್ತಾರೆ. ಅರೆಬೆಂದ ಎಲೆಗೆ ಹಾಲು ಸುರಿದರೆ ಕೆರೆತ ಹೋಗುವುದಿಲ್ಲ. ಹಾಲು ಹಾಕಿದ ಮೇಲೆ ಕುದಿಸಿದರೆ ಒಡೆಯುತ್ತದೆ, ಕುದಿ ಬರುವ ಮುಂಚೆಯೇ ಇಳಿಸಬೇಕು. ಮೀನು ತಿನ್ನುವ ಮನೆಯವರು ಹವಳದಿಬ್ಬದ ದೊಡ್ಡ ಮೀನಿನ ವಿಷಯದಲ್ಲಿ ಊರವರ ಮಾತು ಕೇಳಬೇಕು. ಸಿಗ್ವಟೆರಾ ಎಂಬ ವಿಷ ಬೇಯಿಸಿದರೂ ಹುರಿದರೂ ಸಾಯುವುದಿಲ್ಲ, ವಾಸನೆಯಲ್ಲೂ ತಿಳಿಯುವುದಿಲ್ಲ.

ಹವಳದ ಮೇಲೆ ನಡೆಯುವುದು ಇಳಿತದ ಹೊತ್ತಿನಲ್ಲಿ, ದಪ್ಪ ಅಟ್ಟೆಯ ಬೂಟು ಹಾಕಿ. ಶಂಕುವಿನಾಕಾರದ ಚಿಪ್ಪನ್ನು ಮಗು ಹೆಕ್ಕದಂತೆ ನೋಡಿಕೊಳ್ಳಬೇಕು. ಒಳಗೆ ಜೀವವಿದ್ದರೆ ವಿಷದ ಮುಳ್ಳಿನಿಂದ ಚುಚ್ಚುತ್ತದೆ. ಕಲ್ಲಿನಂತೆಯೇ ಕಾಣುವ, ವಿಷದ ಮುಳ್ಳಿನ ಕಲ್ಲುಮೀನು ತುಳಿದರೆ ಸುಡದಷ್ಟು ಬಿಸಿಯ, ಸುಮಾರು 45 ಡಿಗ್ರಿಯ ನೀರಿನಲ್ಲಿ ಕಾಲಿಟ್ಟು ಆಸ್ಪತ್ರೆಗೆ ಓಡಬೇಕು. ಹವಳ ತರಚಿದ ಗಾಯ ಚಿಕ್ಕದೆಂದು ಬಿಟ್ಟರೆ ಈ ಸೆಕೆಯಲ್ಲಿ ಕೀವಾಗುತ್ತದೆ, ಆಗಲೇ ಸಿಹಿನೀರಿನಲ್ಲಿ ಉಜ್ಜಿ ತೊಳೆದು ಔಷಧಿ ಹಚ್ಚಬೇಕು. ಫಿಜಿಯಲ್ಲಿ ಮಲೇರಿಯಾ ಇಲ್ಲ. ಡೆಂಗಿ ಇದೆ, ಅದರ ಸೊಳ್ಳೆ ಕಚ್ಚುವುದು ಹಗಲಿನಲ್ಲಿ.

ಭಾನುವಾರ ಅಂಗಡಿಗಳು ಬಹುಪಾಲು ಮುಚ್ಚಿರುತ್ತವೆ, ಬಸ್ಸು ವಿರಳ. ಬ್ರೆಡ್ಡು, ಹಾಲು, ಹಣ್ಣು ಶನಿವಾರವೇ ಕೊಂಡಿಡಬೇಕು. ಹಳ್ಳಿಯ ಹತ್ತಿರ ಆ ದಿನ ಈಜು, ಚೆಂಡಾಟ, ಗದ್ದಲ ಸಲ್ಲದು. ಚರ್ಚಿನ ಹಾಡುಗಾರಿಕೆ ಮಾತ್ರ ಕೇಳಲೇಬೇಕು. ವಾದ್ಯವಿಲ್ಲದೆ ಬರೀ ಕಂಠಗಳೇ ಹಲವು ಸ್ತರದಲ್ಲಿ ಏಳುತ್ತವೆ. ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂತರೆ ಯಾರೂ ಬೇಡವೆನ್ನುವುದಿಲ್ಲ.

ಮರಳುವ ಬಸ್ಸು ಲೆವುಕಾದಿಂದ ನಸುಕಿಗೇ ಹೊರಡುತ್ತದೆ. ಮಕ್ಕಳನ್ನು ಪ್ರಯಾಣದ ಬಟ್ಟೆಯಲ್ಲೇ ಮಲಗಿಸುವುದು, ಲಗೇಜನ್ನು ರಾತ್ರಿಯೇ ಬಾಗಿಲ ಬಳಿ ಇಡುವುದು, ಮಾತ್ರೆಯನ್ನು ಹಡಗಿನ ಸಮಯಕ್ಕೆ ಲೆಕ್ಕ ಹಾಕಿ ಕೊಡುವುದು. ಸುವಾದ ಮನೆ ಸೇರಿದ ಕೂಡಲೇ ಉಪ್ಪುನೀರಿನ ಬಟ್ಟೆ, ಬೂಟು ಸಿಹಿನೀರಿಗೆ ಹಾಕಬೇಕು. ಚೀಲದಲ್ಲಿ ಒಂದು ರಾತ್ರಿ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ಶಾಲೆಯ ಸಮವಸ್ತ್ರವನ್ನಂತೂ ಹೊರಡುವ ಮೊದಲಿನ ಗುರುವಾರವೇ ಒಗೆದು ಇಸ್ತ್ರಿ ಮಾಡಿ ತೂಗುಹಾಕಿರಬೇಕು. ರಜೆ ಮುಗಿದ ಸಂಜೆ ಒಗೆದದ್ದು ಸುವಾದ ಮಳೆಯಲ್ಲಿ ಮರುದಿನ ಬೆಳಗಿಗೆ ಒಣಗುವುದಿಲ್ಲ.