ಕಾ ಹಾವಿನ ಪರವಾಗಿ

ಕಳೆದ ದಸರಾ ರಜೆಯಲ್ಲಿ ಅಕ್ಕನ ಮಗಳ ಜೊತೆ ಡಿಸ್ನಿಯ 1967ರ ‘ದಿ ಜಂಗಲ್ ಬುಕ್’ ನೋಡಲು ಕುಳಿತಾಗ, ಮಕ್ಕಳಿಗೆ ಮೋಗ್ಲಿಯ ಪರಿಚಯ ಮಾಡಿಕೊಡುವ ಹಕ್ಕು ನಮ್ಮ ತಲೆಮಾರಿನದೇ ಎಂಬ ಸಣ್ಣ ಜಂಬ ನನಗಿತ್ತು. ಜಪಾನಿನಲ್ಲಿ 1989ರಲ್ಲಿ ತಯಾರಾದ ಮೋಗ್ಲಿಯ ಧಾರಾವಾಹಿ 1993ರ ಹೊತ್ತಿಗೆ ಹಿಂದಿಯಲ್ಲಿ ದೂರದರ್ಶನಕ್ಕೆ ಬಂದಾಗ, ಹಿಂದಿಯ ಗಂಧವೂ ಇಲ್ಲದ ನಮ್ಮ ಬೀದಿಯ ಮಕ್ಕಳೆಲ್ಲ ಗುಲ್ಜಾರರ ಶೀರ್ಷಿಕೆಗೀತೆಯನ್ನು ಬಾಯಿಗೆ ಬಂದಂತೆ ಹಾಡಿಕೊಂಡು ತಿರುಗುತ್ತಿದ್ದೆವು. ಶೇರ್ ಖಾನನಿಗೆ ನಾನಾ ಪಾಟೇಕರ್ ಕೊಟ್ಟ ದನಿ ಕೇಳಿದರೆ ಮಾತು ತಿಳಿಯದಿದ್ದರೂ ಹುಲಿಯ ಉದ್ದೇಶ ತಿಳಿಯುತ್ತಿತ್ತು.

ಚಿತ್ರ ಆರಂಭವಾಗಿ ಸ್ವಲ್ಪ ಹೊತ್ತಿಗೇ, ರಾತ್ರಿ ಮರದ ಮೇಲೆ ಮಲಗಿದ ಮೋಗ್ಲಿಯ ಮುಂದೆ ಕಾ ಎಂಬ ಹೆಬ್ಬಾವು ಇಳಿದುಬಂದು, ಕಣ್ಣಿನೊಳಗೆ ಬಣ್ಣದ ಬಳೆಗಳನ್ನು ತಿರುಗಿಸುತ್ತಾ ಹುಡುಗನನ್ನು ಕುತ್ತಿಗೆಯವರೆಗೆ ಸುತ್ತಿಕೊಂಡಿತು. ಹುಡುಗಿ ಹೊದಿಕೆಯನ್ನು ಮುಖಕ್ಕೆಳೆದುಕೊಂಡು, ಹಾವು ಬರುವ ಭಾಗವನ್ನೆಲ್ಲ ಓಡಿಸಿಬಿಡು ಎಂದಳು. ವಿನ್ನಿ ದ ಪೂ ಕರಡಿಗೆ ದನಿ ಕೊಟ್ಟ ಸ್ಟರ್ಲಿಂಗ್ ಹಾಲೊವೇ ಅವರದ್ದೇ ಈ ಹಾವಿನ ದನಿಯೂ ಎಂದು ಹೇಳಿದ್ದು ಅವಳಿಗೆ ಸಮಾಧಾನ ತರಲಿಲ್ಲ.

ನಾನು ಚಿತ್ರವನ್ನು ನಿಲ್ಲಿಸಿ, ಈ ಚಿತ್ರಕ್ಕೆ ಮೂಲವಾದ 1894ರ ಪುಸ್ತಕದಲ್ಲಿ ಕಿಪ್ಲಿಂಗ್ ಬರೆದ ಕತೆಯನ್ನು ಹೇಳತೊಡಗಿದೆ. ಅಲ್ಲಿ ಕೋತಿಗಳು ಮೋಗ್ಲಿಯನ್ನು ಹೊತ್ತೊಯ್ದು ಹಾಳೂರೊಂದರಲ್ಲಿ ಕೂಡಿಹಾಕಿದಾಗ, ಅವನ ಗೆಳೆಯರಾದ ಕರಡಿ ಬಾಲೂ ಮತ್ತು ಕರಿಚಿರತೆ ಬಘೀರ ಸಹಾಯ ಬೇಡುವುದು ಈ ಕಾ ಬಳಿಯೇ. ಅಮೃತಶಿಲೆಯ ಜಾಲಂಧ್ರವನ್ನು ಮೂತಿಯಿಂದ ಗುದ್ದಿ ಗುದ್ದಿ ಒಡೆದು ಹುಡುಗನನ್ನು ಬಿಡಿಸುವುದೂ ಅದೇ ಹೆಬ್ಬಾವು. ಆಮೇಲೆ ಬೆಳದಿಂಗಳಲ್ಲಿ ಅದು ಸುರುಳಿ ಸುರುಳಿಯಾಗಿ ಕುಣಿಯತೊಡಗಿದಾಗ ಕೋತಿಗಳಷ್ಟೇ ಅಲ್ಲ, ಕರಡಿ ಮತ್ತು ಕರಿಚಿರತೆಯೂ ಮೈಮರೆತು ಅದರತ್ತ ಹೆಜ್ಜೆ ಹಾಕುತ್ತವೆ. ಮನುಷ್ಯನ ಮಗನಾದ ಮೋಗ್ಲಿಗೆ ಮಾತ್ರ, ಮೂತಿ ಜಜ್ಜಿಹೋದ ದೊಡ್ಡ ಹಾವೊಂದು ಸುಮ್ಮನೆ ಸುತ್ತುತ್ತಿರುವಂತೆ ಕಂಡು ನಗು ಬರುತ್ತದೆ.

ಇಂಥ ಪಾತ್ರವನ್ನು ಖಳನಾಗಿಸಿದ್ದು ನನಗೆ ಇಂದಿಗೂ ಒಪ್ಪಿಗೆಯಾಗಿಲ್ಲ. 1967ರಿಂದ 1971ರವರೆಗೆ ರೋಮನ್ ದವಿದೋವ್ ನಿರ್ದೇಶಿಸಿದ ಸೋವಿಯತ್ ಕಾರ್ಟೂನ್ ಸರಣಿಯಲ್ಲಿ ಕಾ ಹಿರಿಯ ಗೆಳೆಯನಾಗಿಯೇ ಉಳಿದಿದೆ. ನಮ್ಮ ಕಾರಾಪುರದ ಮಾವುತನ ಮಗ ಸಾಬು ಮೋಗ್ಲಿಯಾಗಿ ನಟಿಸಿದ 1942ರ ಚಿತ್ರದಲ್ಲಿಯೂ ಅದು ಹುಡುಗನ ಪಕ್ಷದಲ್ಲಿದೆ. ಜಾನ್ ಫಾವ್ರೋ 2016ರಲ್ಲಿ ಡಿಸ್ನಿ ಕತೆಯನ್ನು ಮತ್ತೆ ತೆರೆಗೆ ತಂದಾಗ, ಒರಾಂಗುಟಾನ್ ಭಾರತದ ಪ್ರಾಣಿಯಲ್ಲವೆಂದು ಡಿಸ್ನಿಯ ಕೋತಿಗಳ ರಾಜ ಲೂಯಿಯನ್ನು ಅಳಿದುಹೋದ ದೈತ್ಯ ವಾನರ ಜೈಗಾಂಟೊಪಿಥೆಕಸ್ ಆಗಿ ಬದಲಿಸುವಷ್ಟು ಶಿಸ್ತು ತೋರಿದರು. ಆದರೆ ಕಿಪ್ಲಿಂಗನ ಕೋತಿಗಳಿಗೆ ರಾಜನೇ ಇರಲಿಲ್ಲ, ಅದು ಬೇರೆ ಮಾತು. ಅಷ್ಟು ಶಿಸ್ತಿನ ನಡುವೆಯೂ ಹಾವಿಗೆ ಸ್ಕಾರ್ಲೆಟ್ ಜೊಹಾನ್ಸನ್ ಅವರ ದನಿ ಸಿಕ್ಕಿತೇ ಹೊರತು ಅದರ ಮಾನ ಮರಳಲಿಲ್ಲ.

ಉಳಿದ ಚಿತ್ರವನ್ನು ಹುಡುಗಿ ಹೊದಿಕೆ ಸರಿಸಿಯೇ ನೋಡಿದಳು, ಆದರೆ ಅವಳ ಮನಸ್ಸೆಲ್ಲ ಪುಸ್ತಕದ ಕತೆಯಲ್ಲಿತ್ತು. ಕುಣಿತ ಮುಗಿದ ಮೇಲೆ ಆ ಕೋತಿಗಳು ಏನಾದವು ಎಂದು ಕೇಳಿದಳು. ಕಿಪ್ಲಿಂಗ್ ಅದನ್ನು ಬಾಲೂವಿನ ನಡುಕದಲ್ಲಿ ಸೂಚಿಸಿ ಬಿಟ್ಟಿದ್ದಾನೆ. ನಾನು ಮಾತ್ರ ನೇರವಾಗಿ, ಕಾ ತಿಂದಿತು ಎಂದೆ. ಹೊತ್ತುಕೊಂಡು ಹೋಗಿದ್ದಕ್ಕೆ ಸರಿಯಾಯಿತು ಎಂದು ಅವಳು ತೀರ್ಪು ಕೊಟ್ಟಳು.