ರೈಟರ್ ಬುಕ್ ಬರೆದ್ರೆ?

ಸಿದ್ದಾಪುರದ ಹತ್ರ ಒಂದು ಕಾಫಿ ತೋಟದಲ್ಲಿ ಹತ್ತೊಂಬತ್ತು ವರ್ಷ ರೈಟರ್ ಆಗಿದ್ದೆ. ಬೇರೆ ಕಡೆ ರೈಟರ್ ಅಂದ್ರೆ ಕಥೆ ಕಾದಂಬರಿ ಬರೆಯೋನು, ನಮ್ಮ ಕೊಡಗಲ್ಲಿ ಚೆಕ್‌ರೋಲ್, ಅಂದ್ರೆ ಆಳುಗಳ ಹಾಜರಿ ಪುಸ್ತಕ, ಬರೆಯೋನು. ಆಳು ಎಷ್ಟು ಬಂದ್ರು, ಗೊಬ್ಬರ ಎಷ್ಟು ಮೂಟೆ ಹೋಯ್ತು, ಮಳೆ ಎಷ್ಟು ಇಂಚು ಎಷ್ಟು ಸೆಂಟು, ಎಲ್ಲಾ ನನ್ನ ಕೈಬರಹವೇ. ಜೊತೆಗೆ ಸಾವ್ಕಾರ್ರ ಮನೆ ವಿಷಯಾನೂ ಕಿವಿಗೆ ಬೀಳುತ್ತೆ, ಬೇಡ ಅಂದ್ರೂ.

2014ರ ಏಪ್ರಿಲ್ 12, ಶನಿವಾರ, ಬಟವಾಡೆ ದಿನ. ಐದು ದಿನ ಕಳೆದ್ರೆ, 17ಕ್ಕೆ, ನಮ್ಮಲ್ಲಿ ಲೋಕಸಭೆ ವೋಟಿಂಗ್. ನಾನು ಆಫೀಸ್ ರೂಮಲ್ಲಿ ಕೂತು ನೋಟು ಎಣಿಸಿ ಕವರಿಗೆ ಹಾಕ್ತಿದ್ದೆ, ಆಚೆ ವರಾಂಡದಲ್ಲಿ ಸಾವ್ಕಾರ್ರು ಮತ್ತೆ ಅವರ ಮೂರು ಜನ ಫ್ರೆಂಡ್ಸು ಕಾಫಿ ಕುಡೀತಾ ಟಿವಿ ನೋಡ್ತಾ ಇದ್ರು, ಸೌಂಡು ಜೋರು, ಸಾವ್ಕಾರ್ರಿಗೆ ಒಂದು ಕಿವಿ ಸ್ವಲ್ಪ ಮಂದ. ಸಂಜಯ ಬಾರು ಅನ್ನೋರು, 2004ರಿಂದ 2008ರ ತನಕ ಆಗಿನ ಪ್ರಧಾನಿ ಮನಮೋಹನ್ ಸಿಂಗ್ ಅವರ ಮೀಡಿಯಾ ಅಡ್ವೈಸರ್ ಆಗಿದ್ದವರು, 'ದಿ ಆ್ಯಕ್ಸಿಡೆಂಟಲ್ ಪ್ರೈಮ್ ಮಿನಿಸ್ಟರ್' ಅಂತ ಪುಸ್ತಕ ಬರೆದಿದಾರೆ, ಕುರ್ಚಿ ಸಿಂಗ್ ಅವರದ್ದು ಅಧಿಕಾರ ಸೋನಿಯಾ ಗಾಂಧಿಯವರ ಕೈಯಲ್ಲಿ ಅನ್ನೋ ಥರ ಅದರಲ್ಲಿದೆ ಅಂತ ದೊಡ್ಡ ಸುದ್ದಿ. ಪ್ರಧಾನಿ ಆಫೀಸು ಇದೆಲ್ಲ ಕಟ್ಟುಕಥೆ ಥರ ಇದೆ, ಒಳಗಿದ್ದ ಸ್ಥಾನಾನ ದುಡ್ಡಿಗೆ ಬಳಸ್ಕೊಂಡಿದಾರೆ ಅಂತ ಹೇಳಿತ್ತು.

ವರಾಂಡ ಎರಡು ಭಾಗ ಆಗೋಯ್ತು. ಒಬ್ರು ರಿಟೈರ್ಡ್ ಮಿಲಿಟರಿಯವರು, 'ಸರ್ವೀಸಲ್ಲಿ ಕೇಳಿದ್ದು ಸರ್ವೀಸಲ್ಲೇ ಹೂತು ಬರ್ಬೇಕು' ಅಂತ ಟೇಬಲ್ ಕುಟ್ಟಿದ್ರು. ಇನ್ನೊಬ್ರು, '2008ರಲ್ಲಿ ಕೆಲ್ಸ ಬಿಟ್ಟೋರು ಇಷ್ಟು ವರ್ಷ ಎಲ್ಲಿದ್ರಂತೆ, ಎಲೆಕ್ಷನ್ ಬಂದಾಗ್ಲೇ ನೆನಪಾಯ್ತಾ?' ಮೂರನೆಯವರದ್ದು ಒಂದೇ ಪಟ್ಟು, 'ಸುಳ್ಳಾ ನಿಜಾನಾ ಅದನ್ನ ಹೇಳಿ ಮೊದ್ಲು.' ನಮ್ಮ ಆಗಿನ ಎಂಪಿ ವಿಶ್ವನಾಥ್ ಅವರೂ 'ಹಳ್ಳಿ ಹಕ್ಕಿಯ ಹಾಡು' ಅಂತ ಆತ್ಮಕಥೆ ಬರೆದು ಗಲಾಟೆ ಆಗಿರ್ಲಿಲ್ವಾ ಅಂತ ಅದೂ ಬಂತು ನಡುವೆ. ಮಜಾ ಏನಂದ್ರೆ ನಾಲ್ಕೂ ಜನ ಆ ಪುಸ್ತಕದ ಮುಖಾನೇ ನೋಡಿರ್ಲಿಲ್ಲ, ಟಿವಿಯಲ್ಲಿ ಕವರ್ ತೋರಿಸಿದ್ದಷ್ಟೇ.

ಆಗ ಸಾವ್ಕಾರ್ರು ನನ್ನ ಕಡೆ ತಿರುಗಿ, 'ಅಯ್ಯೋ, ನಮ್ಮ ರೈಟರ್ ಬುಕ್ ಬರೆದ್ರೆ ನಾವೆಲ್ಲ ಕಾವೇರಿಗೆ ಹಾರ್ಬೇಕಾಗ್ತದೆ!' ಅಂದ್ರು. ಎಲ್ರೂ ಬಿದ್ದು ಬಿದ್ದು ನಕ್ರು. ನಾನೂ ನಕ್ಕೆ, ಎಣಿಕೆ ತಪ್ಪೋಯ್ತು, ಒಂದು ಕಟ್ಟು ಮತ್ತೆ ಮೊದಲಿಂದ ಎಣಿಸ್ದೆ.

ಸಾಯಂಕಾಲ ಬಟವಾಡೆ ಮುಗಿದು ಲೈನ್‌ಮನೆಯ ಆಳುಗಳೆಲ್ಲ ಹೋದ್ಮೇಲೆ ಸಾವ್ಕಾರ್ರು ಆಫೀಸಿಗೆ ಬಂದು ಸುಮ್ನೆ ನಿಂತ್ರು. ಕೊನೆಗೆ, 'ರೈಟ್ರೇ, ನೀವು ಡೈರಿ ಗೀರಿ ಬರೀತೀರಾ?' 'ಮಳೆ ಲೆಕ್ಕ ಬರೀತೀನಲ್ಲ ಸಾರ್' ಅಂತ ಆ ಪುಸ್ತಕ ಕೊಟ್ಟೆ. ಕನ್ನಡಕ ಹಾಕ್ಕೊಂಡು ಪುಟ ಪುಟ ತಿರುಗಿಸಿದ್ರು, ಹತ್ತು ನಿಮಿಷ ಆದ್ರೂ ಆಗಿರ್ಬೇಕು. ಹೂಮಳೆ, ಅಂದ್ರೆ ಕಾಫಿ ಹೂ ಬಿಡಿಸೋ ಮಳೆ, ಬಂದಿರೋ ತಾರೀಕು ಬಿಟ್ರೆ ಅದರಲ್ಲಿ ಏನೂ ಇರ್ಲಿಲ್ಲ.

ಎರಡು ಮೂರು ದಿನ ಬಿಟ್ಟು ಸಿಂಗ್ ಅವರ ಮಗಳು ಉಪಿಂದರ್ ಸಿಂಗ್ ಇದು ಬೆನ್ನಿಗೆ ಚೂರಿ ಹಾಕಿದ ಹಾಗೆ ಅಂದಿದ್ದು ಪೇಪರಲ್ಲಿ ಬಂತು, ಸಾವ್ಕಾರ್ರು ಅದನ್ನ ನನಗೆ ಕೇಳೋ ಹಾಗೆ ಜೋರಾಗಿ ಓದಿದ್ರು. ಪುಸ್ತಕ ನನ್ನ ಕೈಗೆ ಸಿಕ್ಕಿದ್ದು ಎಷ್ಟೋ ತಿಂಗಳಾದ್ಮೇಲೆ, ಬೆಂಗಳೂರಿಂದ ಅಳಿಯ ತಂದಿದ್ದು, ನನ್ನ ಇಂಗ್ಲಿಷಿಗೆ ಮಳೆಗಾಲ ಪೂರ್ತಿ ಹಿಡೀತು. ಬೈದಿರ್ತಾರೆ ಅಂದ್ಕೊಂಡೇ ಶುರು ಮಾಡಿದ್ದು, ಆದ್ರೆ ಅಮೆರಿಕದ ಜೊತೆಗಿನ ಅಣು ಒಪ್ಪಂದದ ಭಾಗದಲ್ಲಿ ಸಿಂಗ್ ಅವರನ್ನ ಹೀರೋನೇ ಮಾಡಿದಾರೆ. ಇವ್ರಿಗೆ ಅವ್ರ ಮೇಲೆ ಪ್ರೀತಿ ಇದೆ, ಕೋಪಾನೂ ಇದೆ ಅಂತ ನನಗೆ ಅನ್ನಿಸ್ತು. ಆ ಗದ್ದಲದಲ್ಲಿ ಪ್ರೀತಿ ವಿಷಯ ಯಾರೂ ಎತ್ತಿದ್ದೇ ಇಲ್ಲ.

ಇನ್ನೊಂದು ಹೇಳೋದು ಬಿಟ್ಟೆ. ಆ ಬಟವಾಡೆ ದಿನಕ್ಕೂ ಮುಂಚೆ ನಾನು ಕೂತಿದ್ದಾಗ್ಲೇ ಸಾವ್ಕಾರ್ರು ಬ್ಯಾಂಕು, ತಮ್ಮಂದಿರು, ಪಾಲು, ಏನು ಬೇಕಾದ್ರೂ ಫೋನಲ್ಲಿ ಮಾತಾಡ್ತಿದ್ರು, ನಾನೂ ಅಲ್ಲಿನ ಬೀರು ಥರ. ಆ ಶನಿವಾರದ ನಂತರ ಫೋನ್ ಬಂದ್ರೆ ಎದ್ದು ಅಂಗಳಕ್ಕೆ ಹೋಗೋರು, 'ಒಳಗೆ ರೇಂಜ್ ಸಿಗಲ್ಲ ರೈಟ್ರೇ' ಅಂತ. ಆಗ ನಮ್ಮ ತೋಟದಲ್ಲಿ ರೇಂಜ್ ಸಿಗ್ತಿದ್ದಿದ್ದೇ ಆ ಆಫೀಸ್ ಕಿಟಕಿ ಹತ್ರ ಮಾತ್ರ.